ಬಾಗಿಲಲ್ಲಿ ಬಿಟ್ಟ ಚಪ್ಪಲಿ

ಒಂದೂರಲ್ಲಿ ಒಬ್ಬ ಶ್ರೀಮಂತನಿದ್ದ. ಅವನ ಕಥೆ ಬಿಡಿ, ಈ ಮಠದಲ್ಲಿ ಬೇಕಾದಷ್ಟು ಕೇಳಿದ್ದೀರಿ. ಇವತ್ತು ಅವನ ಹೆಂಡತಿಯ ಕಥೆ ಕೇಳಿ. ಆತ ಊರಿಗೆಲ್ಲ ದಾನಶೂರ, ಮನೆಯೊಳಗೆ ಕೈ ಎತ್ತುವ ಶೂರ. ಸಹಿಸಿ ಸಹಿಸಿ ಸಾಕಾಗಿ ಆಕೆ ಒಂದು ದಿನ ಇಬ್ಬರು ಹೆಣ್ಣುಮಕ್ಕಳ ಕೈ ಹಿಡಿದು ಹೊರಟೇಬಿಟ್ಟಳು. ದೂರದ ಪೇಟೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಳು, ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸಕ್ಕೆ ಸೇರಿದಳು. ನೋಡಿ, ಆಕೆಗೆ ಬೇಕಾದದ್ದು ಒಂದೇ. ಮಕ್ಕಳು ಹೆದರದೆ ಬಂದು ಸೇರುವ ಒಂದು ಮನೆ.

ಮನೆಯೊಡತಿ ಅಜ್ಜಿ ಒಳ್ಳೆಯವಳು. ಆದರೆ ಯಾರಿಗಾದರೂ ಬುದ್ಧಿ ಹೇಳದಿದ್ದರೆ ಅವಳಿಗೆ ಉಂಡದ್ದು ಅರಗುತ್ತಿರಲಿಲ್ಲ. "ಯವ್ವಾ, ಗಂಡಸಿಲ್ಲದ ಮನಿ ಅಂತ ಮಂದಿಗೆ ಗೊತ್ತಾಗಬಾರ್ದು. ಬಾಗಿಲ ಮುಂದ ಒಂದ್ ಜೋಡಿ ಗಂಡಸರ ಚಪ್ಪಲಿ ಇಡು," ಎಂದಳು.

ಸರಿ, ಮಕ್ಕಳು ಶಾಲೆಗೆ ಹೋದ ಮೇಲೆ ಸಂತೆಗೆ ಹೋಗಿ ತಂದಿಟ್ಟಳು. ಅಗ್ಗಕ್ಕೆ ಸಿಕ್ಕಿದ್ದು ಎಂಥದ್ದು? ಭೀಮಸೇನನಿಗೂ ಸಡಿಲಾಗುವಂಥದ್ದು! ಮಧ್ಯಾಹ್ನದೊಳಗೆ ಓಣಿಗೆಲ್ಲ ಸುದ್ದಿ. ಒಬ್ಬಳು ಆತ ಪೈಲ್ವಾನ ಎಂದಳು. ಇನ್ನೊಬ್ಬಳು ಆತ ಕೆಮ್ಮಿದ್ದನ್ನು ಕಿವಿಯಾರೆ ಕೇಳಿದೆ ಎಂದಳು! ತರಕಾರಿಯವನು ತೂಕದ ಮೇಲೆ ಎರಡು ಬದನೆಕಾಯಿ ಹೆಚ್ಚಿಗೆ ಹಾಕಿ, "ಯಜಮಾನ್ರಿಗೆ ನಮಸ್ಕಾರ ಹೇಳ್ರಿ," ಎಂದ. "ಮಲಗ್ಯಾರ್ರಿ," ಎಂದು ಬಾಗಿಲು ಹಾಕಿಕೊಂಡವಳು ಸೆರಗು ಬಾಯಿಗಿಟ್ಟು ನಕ್ಕಿದ್ದೇ ನಕ್ಕಿದ್ದು. ಎಷ್ಟು ವರ್ಷವಾಗಿತ್ತೋ ಹಾಗೆ ನಕ್ಕು!

ಸಂಜೆಯಾಯಿತು. ಶಾಲೆ ಬಿಟ್ಟಿತು, ಮಕ್ಕಳು ಬರಲಿಲ್ಲ. ಹೊರಗೆ ಬಂದು ನೋಡುತ್ತಾಳೆ, ಎದುರಿನ ನಲ್ಲಿಯ ಕಟ್ಟೆಯ ಹಿಂದೆ ಇಬ್ಬರೂ ಕೈ ಕೈ ಹಿಡಿದು ಮುದುಡಿ ಕೂತಿದ್ದಾರೆ.

"ಒಳಗ್ಯಾಕ ಬರಲಿಲ್ಲ?"

ಚಿಕ್ಕವಳು ಚಪ್ಪಲಿಯತ್ತ ನೋಡಿ ಪಿಸುಗುಟ್ಟಿದಳು, "ಅಪ್ಪ ಬಂದಾನಲ್ಲ."

ತಾಯಿ ಏನು ಮಾಡಿದಳು ಹೇಳಿ? ಅತ್ತಳೇ? ಇಲ್ಲ. ಆ ಚಪ್ಪಲಿಯೊಳಗೆ ತಾನೇ ಕಾಲು ತೂರಿಸಿದಳು! ಸೀರೆ ಎತ್ತಿ ಕಟ್ಟಿ, ಎದೆ ಉಬ್ಬಿಸಿ, ಓಣಿಯ ಉದ್ದಕ್ಕೂ ಟಪಾ ಟಪಾ ನಡೆದಳು. "ನೋಡ್ರಿಲ್ಲೆ, ನಾನ ನಿಮ್ಮನಿ ಪೈಲ್ವಾನ!" ಮಕ್ಕಳು ಮೊದಲು ಕಣ್ಣು ಕಣ್ಣು ಬಿಟ್ಟರು, ಆಮೇಲೆ ಕಿಸಕ್ಕೆಂದರು, ಆಮೇಲೆ ಓಡಿ ಬಂದು ಒಬ್ಬೊಬ್ಬರು ಒಂದೊಂದು ಚಪ್ಪಲಿ ಹಾಕಿಕೊಂಡು, ಕುಂಟಿ, ಬಿದ್ದು, ಎದ್ದು, ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಜ್ಜಿ ಓಡಿ ಬಂದಳು. "ಗುಟ್ಟೆಲ್ಲಾ ರಟ್ಟಾತಲ್ಲ ಯವ್ವಾ!"

"ಆಗ್ಲಿ ಬಿಡ್ರಿ ಅಜ್ಜಿ. ಮಂದಿ ಅಂಜದಿದ್ರೂ ನಡೀತದ. ನನ್ನ ಮಕ್ಕಳು ಅಂಜಬಾರ್ದು."

ಅಜ್ಜಿ ಹೊಸ್ತಿಲ ಮೇಲೆ ದೊಪ್ಪನೆ ಕೂತಳು. "ಹಂಗಾರ ಈ ಬಾಗಿಲದಾಗ ನಾನ ಕುಂದರ್ತೀನಿ. ಯಾವ ಬರ್ತಾನ ಬರ್ಲಿ, ನೋಡೂಣು!"

ನಗುತ್ತಿದ್ದೀರಿ. ನಗಿ, ನಗುವಂಥದ್ದೇ. ಈಗ ಈ ಮಠದ ಹೊರಗೆ ನಿಮ್ಮ ಚಪ್ಪಲಿಗಳೂ ಇವೆಯಲ್ಲ? ಅವನ್ನು ಮನೆಯ ಬಾಗಿಲಲ್ಲಿ ಬಿಡುವಾಗ ಏನಾಗುತ್ತದೆ? ಮಕ್ಕಳು ಓಡಿ ಬರುತ್ತಾರೋ, ಓಡಿ ಹೋಗುತ್ತಾರೋ? ತಾಯಂದಿರೇ, ಪೆಟ್ಟು ತಿಂದು ಬಂದ ಮಗಳಿಗೆ 'ಹೊಂದಿಕೊಂಡು ಹೋಗು' ಎಂದು ಮತ್ತೆ ಬಸ್ಸು ಹತ್ತಿಸಬೇಡಿ. ಅವಳ ಬಾಗಿಲಲ್ಲಿ ಹೋಗಿ ಕೂತುಕೊಳ್ಳಿ. ಗಂಡಸರೇ, ಇವತ್ತು ಒಳಗೆ ಕಾಲಿಡುವ ಮೊದಲು ಕಿವಿಗೊಟ್ಟು ಕೇಳಿ. ನಿಮ್ಮ ಸದ್ದಿಗೆ ಒಳಗಿನ ನಗು ನಿಂತುಹೋದರೆ, ಎತ್ತಿದ ಆ ಕೈಯನ್ನು ಜೋಡಿಸಿ ಹೆಂಡತಿ ಮಕ್ಕಳ ಮುಂದೆ ತಪ್ಪಾಯಿತು ಎನ್ನಿ. ಆ ಕೈ ಮತ್ತೆ ಏಳಬಾರದು. ಮೊದಲು ಅದಾಗಲಿ, ದೇವರ ಮುಂದೆ ಕೈ ಮುಗಿಯುವುದು ಆಮೇಲೆ.