ಇಲ್ಲದ ದೇಶದ ಸಿನಿಮಾ

ಶಂಕರಪುರಂನ ಫಿಲ್ಮ್ ಸೊಸೈಟಿಯಲ್ಲಿ ಸಿನಿಮಾ ಶುರುವಾಗುವ ಮುಂಚೆ ಕಾಫಿಗೆ ಸಾಲು ನಿಂತಿದ್ದೆವು. ನನ್ನ ಮುಂದೆ ನಿವೃತ್ತ ಚರಿತ್ರೆ ಟೀಚರ್ ಜಾನಕಮ್ಮ, ಪಕ್ಕದಲ್ಲಿ ಅವರ ಹಳೇ ವಿದ್ಯಾರ್ಥಿ ಲೋಹಿತ್. ಬಾಗಿಲಲ್ಲಿದ್ದ ಪೋಸ್ಟರ್ ಅವನೇ ಮಾಡಿದ್ದು.

“ಸರ್ಬಿಯಾ ಸಿನಿಮಾ ಅಂತ ಯಾಕೋ ಹಾಕಿದೀಯ?”

“ಡೈರೆಕ್ಟರ್ ಬೆಲ್‌ಗ್ರೇಡಿನವರು ಮಿಸ್.”

“ಹೀರೋಯಿನ್ ಎಲ್ಲಿಯವಳು?”

“ಕ್ರೊಯೇಷಿಯಾ.”

“ಕ್ಯಾಮೆರಾದವನು?”

“ಬೋಸ್ನಿಯಾದವನು.”

“ಎಲ್ಲರೂ ಸೇರಿ ತೆಗೆದಿದ್ದನ್ನ ಒಬ್ಬರ ಹೆಸರಿಗೆ ಬರೆದ್ಬಿಟ್ಯಲ್ಲ. ನಾನು ಹಿಂದೆ ನೋಡಿದೀನಿ, ಯುಗೋಸ್ಲಾವಿಯಾ ಅಂತ ತೆರೆ ಮೇಲೆ ಅವರೇ ಹಾಕ್ಕೊಂಡಿದಾರೆ.”

“ಆ ದೇಶಾನೇ ಈಗಿಲ್ವಲ್ಲ ಮಿಸ್, ಒಡೆದು ಇವೆಲ್ಲ ಬೇರೆ ಬೇರೆ ದೇಶ ಆಗಿವೆ.”

“ಸಿನಿಮಾ ತೆಗೆದಾಗ ಇತ್ತಲ್ಲ. ಅದು ಒಡೆದಿದ್ದೇ ಹೀಗೆ. ಪಕ್ಕದ ಮನೆಯವನನ್ನ ನೀನು ಯಾರವನು, ಎಲ್ಲಿಯವನು ಅಂತ ಕೇಳಿ ಕೇಳಿ, ಕೊನೆಗೆ ಗುಂಡು ಹೊಡೆದ್ರು.”

“ಈಗ ನೀವೂ ಒಬ್ಬೊಬ್ಬರದ್ದೂ ಊರು ಕೇಳಿದ್ರಲ್ಲ.”

“ಶುರು ಮಾಡಿದ್ದು ನೀನು.”

“ಅಲ್ಲೂ ಎಲ್ಲರೂ ಅದನ್ನೇ ಅಂದಿದ್ದು ಮಿಸ್.”

ಬೆಲ್ ಆಯಿತು. ಜಾನಕಮ್ಮ ಕಾಫಿ ತೆಗೆದುಕೊಳ್ಳದೆಯೇ ಸಾಲು ಬಿಟ್ಟು ಒಳಗೆ ನಡೆದರು. ಲೋಹಿತ್ ಜೇಬಿನಿಂದ ಪೆನ್ನು ತೆಗೆದು ಪೋಸ್ಟರಿನ ಕಡೆಗೆ ಹೋದ.