ಒತ್ತದ ಹೆಬ್ಬಟ್ಟು

ಅಲ್ಲ ಮಕ್ಕಳ, ನೀಲಾ ಸೂಲಗಿತ್ತಿ ಕೈಯಾಗ ಸತ್ತಳು ಅಂತ ನಿಮಗ ಯಾರ್ ಹೇಳಿದ್ರು? ಸೂಲಗಿತ್ತಿದು ಏನೂ ತಪ್ಪಿಲ್ಲ, ಆ ಮುದುಕಿ ಹೊತ್ತು ಮೂಡೂದ್ರಾಗ ಕೈ ಮುಗದಿದ್ಳು, 'ಕೂಸು ಅಡ್ಡ ಬಿದ್ದದವ್ವ, ನನ್ನ ಕೈಲೆ ಆಗಂಗಿಲ್ಲ, ಕಲಬುರಗಿಗಿ ಒಯ್ರಿ' ಅಂತ. ನನ್ನ ತಂಗಿ ನೀಲಾನ ಮಾತು ಹೇಳ್ಲಾಕತ್ತೀನಿ. ನಮ್ಮವ್ವ ಹೋದಾಗ ಅಕಿಗಿ ನಾಕ್ ವರ್ಷ, ನಾನೇ ಉಣ್ಸಿ ತಿನ್ಸಿ ದೊಡ್ಡಾಕಿನ ಮಾಡಿ, ಕಲಬುರಗಿ ರೋಜಾ ಓಣಿ ಹತ್ರ ಒಂದ್ ಮನಿಗಿ ಕೊಟ್ಟಿದ್ದೆ. ಚೊಚ್ಚಲ ಬಾಣಂತನ ಅಂತ ಇಲ್ಲೇ ಕಮಲಾಪುರಕ್ಕ ಕರಕೊಂಡು ಬಂದಿದ್ದೆ. ಸರ್ಕಾರದ ದಂಡು ಬಂದು ಪೋಲೀಸ್ ಆ್ಯಕ್ಷನ್ ಆಗಿ ಮುಂದಿನ ಬ್ಯಾಸಗಿ ಅದು. ಬ್ಯಾಸಗಿ ಅಲ್ಲ ತಡೀರಿ, ಹೋಳಿ ಇನ್ನಾ ಆಗಿದ್ದಿಲ್ಲ. ನನ್ನ ಗಂಡ, ನಿಮ್ಮ ಮುತ್ಯಾ, ರಜಾಕಾರರು ಊರು ಸುಲಿಯೋ ಗದ್ದಲದಾಗ ಸೊಲ್ಲಾಪುರದ ಕಡಿ ಹೋದಂವ ಇನ್ನಾ ತಿರುಗಿ ಬಂದಿದ್ದಿಲ್ಲ, ಮನ್ಯಾಗ ಗಂಡಸರಂತ ಯಾರೂ ಇಲ್ಲ. ರೋಡಿಗಿ ಬಂದ್ರ ಬಸ್ಸಿಲ್ಲ, ಕೆಂಪು ಬಾಳಿಗೊನಿ ಹೇರಿದ ಲಾರಿ ಒಂದು ನಿಂತಿತ್ತು, ಡ್ರೈವರ್ ಸಾಬರಂವ. ಆಗಿನ ದಿನಮಾನ ಹ್ಯಾಂಗಿತ್ತಂದ್ರ, ಒಬ್ಬರ ಮುಖ ಒಬ್ಬರು ನೋಡ್ಲಿಕ್ಕೆ ಅಂಜತಿದ್ರು. ದಂಡು ಬಂದ ಮ್ಯಾಲ ಸಾಬರ ಓಣ್ಯಾಗೂ ಸಾವು ನೋವು ಆಗಿದ್ವು, ಅವನ ಮನ್ಯಾಗ ಏನೇನಾಗಿತ್ತೋ ಪಾಪ. ಒಂದ್ ಮಾತು ಕೇಳ್ಲಿಲ್ಲ ನೋಡ್ರಿ, 'ಬೈಠೋ ಮಾ, ಬೈಠೋ' ಅಂದು ಅರ್ಧ ಗೊನಿ ರೋಡಿನ ಮ್ಯಾಲ ಇಳಿಸಿಬಿಟ್ಟ.

ದವಾಖಾನ್ಯಾಗ ಡಾಕ್ಟರಬಾಯಿ ಹೊಟ್ಟಿ ಮುಟ್ಟಿ ನೋಡಿದ್ಳು. 'ಹೊಟ್ಟಿ ಕೊಯ್ದು ಕೂಸು ತಗೀಬೇಕು, ಈಗಿಂದೀಗ. ನೀವು ಇಕಿಗಿ ಏನಾಗಬೇಕು?' 'ಅಕ್ಕರಿ.' 'ಹಂಗಾರ ಇಲ್ಲಿ ಹೆಬ್ಬಟ್ಟು ಒತ್ರಿ.' ಕಾಗದ ಮುಂದಿಟ್ರು, ಶಾಯಿ ಡಬ್ಬಿ ಮುಂದಿಟ್ರು. ನಾ ಕೈ ಹಿಂದ ತಗೊಂಡೆ. 'ಅಕಿ ಗಂಡ ಬರಲಿರಿ' ಅಂದೆ. ಕೊಟ್ಟ ಹೆಣ್ಣು ಕುಲಕ್ಕ ಹೊರಗ ಅಂತಾರಲ್ಲ, ಅವರ ಮನಿ ಹೆಣ್ಣು, ಅವರ ಮನಿ ಕೂಸು, ಕೊಯ್ರಿ ಅನ್ಲಿಕ್ಕೆ ನಾ ಯಾರು? ಇಷ್ಟೇ ಆಗಿದ್ರ ರೀತಿ ರಿವಾಜು ಅನ್ನಬಹುದಿತ್ತು. ಖರೇ ಹೇಳ್ತೀನಿ, ಇಷ್ಟು ವರ್ಷ ಯಾರ ಮುಂದೂ ಹೇಳಿಲ್ಲ. ಬಸುರಿ ಕುಬಸದ ಕಾರ್ಯಕ್ಕ ಬಂದಾಗ ಅಕಿ ಅತ್ತಿ ನಾಕ್ ಮಂದಿ ಮುಂದ ನನಗ 'ನಮ್ಮ ಸೊಸಿ ವಿಷಯದಾಗ ನೀ ನಡುವ ಬಾಯಿ ಹಾಕಬ್ಯಾಡವ್ವ' ಅಂದಿದ್ಳು. ಅದು ಎದ್ಯಾಗ ಮುಳ್ಳಾಗಿ ಕುಂತಿತ್ತು. ಬಾಯಿ ಹಾಕಂಗಿಲ್ಲ ತಗೋ, ನೀವೇ ಬಂದು ಒತ್ರಿ ಅಂತ ಹಟ ಹಿಡದೆ! ಅದು ರೀತಿ ಅಲ್ಲ ಮಕ್ಕಳ, ಸೊಕ್ಕು.

ಆ ಲಾರಿ ಡ್ರೈವರನೇ ರೋಜಾಕ್ಕ ಹೋಗಿ ನೋಡಿ ಬಂದ. ಮನಿಗಿ ಕೀಲಿ. ತಾಯಿ ಮಗ ಶಹಾಬಾದಿಗಿ ಲಗ್ನಕ್ಕ ಹೋಗ್ಯಾರ, ಮಧ್ಯಾಹ್ನದ ಗಾಡಿಗಿ ಬರ್ತಾರಂತ, ಬಂದ ಕೂಡ್ಲೆ ಕಳಸ್ರಿ ಅಂತ ನೆರೆಮನಿಯವರಿಗಿ ಹೇಳಿ ಬಂದೀನಿ ಅಂದ. ಮಧ್ಯಾಹ್ನ ಏನ್ ದೂರ ಅಂದೆ ನಾ. ಡಾಕ್ಟರಬಾಯಿ ಎರಡ್ ಸರ್ತಿ ಬಂದು ಹೋದ್ಳು, ಎರಡನೇ ಸರ್ತಿ ಬೈದ್ಳು. ನೀಲಾ ನನ್ನ ಸೆರಗು ಹಿಡಕೊಂಡಿದ್ಳು, ತುಟಿ ಬಿಳಿ ಆಗಿದ್ವು. 'ಅಕ್ಕಾ, ಒತ್ತು.' 'ಅವರು ಬರ್ಲಿ ಅವ್ವಿ, ಇನ್ನೇನ್ ಬಂದೇಬಿಟ್ರು.' 'ಅಕ್ಕಾ, ನಾ ನಿನ್ನಾಕಿ ಅಲ್ಲೇನು?' ಹಾಂಗ ಕೇಳಿದ್ಳು. ನಾ ಸೆರಗು ಬಿಡ್ಸಿಕೊಂಡು ಗೇಟಿನ ಕಡಿ ನೋಡಿದೆ, ಬಂದ್ರೇನಂತ.

ಬಂದ್ರು. ಗಂಡ ನಿಂತಲ್ಲೇ ಹೆಬ್ಬಟ್ಟು ಒತ್ತಿದ, ಏನು ಎತ್ತ ಒಂದೂ ಕೇಳ್ಲಿಲ್ಲ. ಅಕಿ ಅತ್ತಿ ನನ್ನ ಎರಡೂ ಕೈ ಹಿಡದು, 'ನೀ ಇದ್ದೆಲ್ಲವ್ವ, ಮುಂಜಾನೇನೇ ಒತ್ತಬಾರದಿತ್ತೇನು? ಅಕಿಗಿ ತಾಯಿ ನೀನೇ ಅಲ್ಲೇನು?' ಅಂದ್ಳು. ಬೈದಿದ್ರ ಚೊಲೋ ಇತ್ತು. ಒಳಗ ಒಯ್ದು ಹೊಟ್ಟಿ ಕೊಯ್ದು ತಗದ್ರು, ಹೆಣ್ಣು ಕೂಸು, ಎರಡ್ ಸರ್ತಿ ಸಣ್ಣಗ ಅತ್ತದ್ದು ಹೊರಗ ಕೇಳಿಸ್ತು, ಆಮ್ಯಾಲ ಕೇಳಿಸ್ಲಿಲ್ಲ. ನೀಲಾಗ ಮರುದಿನ ಜ್ವರ ಏರ್ತು, ಮೂರನೇ ದಿನ ಅಕಿನೂ ಹೋದ್ಳು. 'ಮುಂಜಾನಿ ಆಗಿದ್ರ...' ಅಂದು ಡಾಕ್ಟರಬಾಯಿ ಮಾತು ಮುಗಿಸದೇ ಒಳಗ ಹೋದ್ಳು.

ನಾ ಮುದುಕಿ ಆದ ಮ್ಯಾಲ ಸಹಿ ಕಲ್ತೆ, ನಿಮ್ಮಪ್ಪ ನಗತಿದ್ದ, ಈ ವಯಸ್ಸಿನಾಗ ಯಾಕಬೇ ಅಂತ. ಯಾರರೆ ಶಾಯಿ ಡಬ್ಬಿ ಮುಂದಿಟ್ರ ಆಕಡಿ ಸರಸಿ ಪೆನ್ನು ಕೇಳಬೇಕಲ್ಲ, ಅದಕ್ಕ. ಈಗೂ ಮಧ್ಯಾಹ್ನ ಒಬ್ಬಾಕಿನೇ ರೊಟ್ಟಿ ಬಡಿಯೋ ಮುಂದ ಬೆನ್ನ ಹಿಂದ ಕೇಳಸ್ತದ, 'ಅಕ್ಕಾ, ಒತ್ತು.' ತಿರುಗಿ ನೋಡಂಗಿಲ್ಲ ನಾ. ಎಷ್ಟ್ ಸಲ ಮನಸ್ಸಿನಾಗೇ ಒತ್ತೀನಿ, ಏನ್ ಉಪಯೋಗ? ಅದಕ್ಕ ಹೇಳ್ತೀನಿ ಕೇಳ್ರಿ, ಜೀವ ಹೋಗೋ ಹೊತ್ತಿನಾಗ ಇಕಿ ಯಾರ ಮನಿಯಾಕಿ ಅಂತ ಲೆಕ್ಕ ಹಾಕಬ್ಯಾಡ್ರಿ. ಹತ್ರ ಯಾರಿದ್ದಾರೋ ಅವರೇ ಮನಿಯವರು. ಬೈಸ್ಕೊಳ್ಳೋದಿದ್ರ ಆಮ್ಯಾಲ ಬೈಸ್ಕೊಂಡ್ರಾತು. ಏಳ್ರಿ, ಉಣ್ಣಾಕ ಏಳ್ರಿ.