ಕೂದಲೆಳೆಯಷ್ಟು ಏರಿದ ಸನಾದಿ

ಶ್ರೀಮಂತನೊಬ್ಬನಿದ್ದ, ಒಂದೂರಲ್ಲಿ. ಎಂಥ ಶ್ರೀಮಂತ? ಅವನ ಮನೆಯ ಮುಂಬಾಗಿಲಲ್ಲಿ ಬೆಳಗಾದಾಗ ಹಿತ್ತಲಲ್ಲಿ ಇನ್ನೂ ನಿನ್ನೆಯ ಸಂಜೆ. ನಗಬೇಡಿ ತಾಯಂದಿರೇ, ಈ ಕಥೆಯನ್ನು ನನ್ನ ಹಾಗೆ ಹೇಳುವವರು ಏಳು ಜಿಲ್ಲೆಯಲ್ಲಿಲ್ಲ. ಹೋದ ವರ್ಷ ನಾನಿದನ್ನು ಹೇಳಿದಾಗ ಪೆಂಡಾಲಿನ ಕಂಬಗಳೇ ಬಿಕ್ಕಿದವು. ಬೇಕಾದರೆ ಶಾಮಿಯಾನದವನನ್ನು ಕೇಳಿ.

ಆ ಶ್ರೀಮಂತ ನಮ್ಮ ಕಡೆಯವನು. ಬಾಗಿಲಲ್ಲಿ ಸನಾದಿ ಊದದೆ ಅವನ ಮನೆಯಲ್ಲಿ ತೊಟ್ಟಿಲು ಕೂಡ ತೂಗುತ್ತಿರಲಿಲ್ಲ. ಹೆಂಡತಿ ಗೋವಾದ ಕಡೆಯವಳು, ಇಗರ್ಜಿಯಲ್ಲಿ, ಅಂದರೆ ಅವರ ಚರ್ಚಿನಲ್ಲಿ, ಪಿಟೀಲು ನುಡಿಸುತ್ತಾ ಬೆಳೆದವಳು. ಮೆಚ್ಚಿ ಮದುವೆಯಾದರು, ಚೆನ್ನಾಗಿಯೇ ಬಾಳಿದರು. ಒಂದು ದಿನ ಅವಳು ತೀರಿಕೊಂಡಳು. ಆಗ ಏನಾಯಿತು ನೋಡಿ. ಹೆಣ ಅಂಗಳದಲ್ಲಿದೆ, ಇವನ ಕಡೆಯವರು ಭಜನೆಯಾಗಲಿ ಅಂದರು, ಅವಳ ಕಡೆಯವರು ಪ್ರಾರ್ಥನೆಯಾಗಲಿ ಅಂದರು. ಆ ಜಗಳದ ಅಬ್ಬರಕ್ಕೆ ಕಾಗೆಗಳು ಊರು ಬಿಟ್ಟವು. ಎರಡೂ ಕಡೆಯವರಿಗೆ ಸಮಾಧಾನ ಹೇಳುವುದರಲ್ಲೇ ಗಂಡನಿಗೆ ಹೊತ್ತು ಮುಳುಗಿತು. ಅಳಲಿಕ್ಕೆ ಪುರಸೊತ್ತಾಗಲಿಲ್ಲ. ಆಮೇಲೆ ಪುರಸೊತ್ತಾಯಿತು, ಅಳು ಬರಲಿಲ್ಲ.

ಬಾರದ ಅಳು ಎಲ್ಲಿಗೆ ಹೋಗುತ್ತದೆ? ಒಳಗೇ ಕೂತು ಕಲ್ಲಾಗುತ್ತದೆ. ಅವನಿಗೆ ಊಟ ಸೇರದು, ನಿದ್ದೆ ಬಾರದು. ಕೊನೆಗೆ ಅವಳ ಬದುಕಿನ ಮೇಲೆ ಒಂದು ಸಿನಿಮಾ ಮಾಡಿಸಿದ. ಅವಳು ಸಾಯುವ ದೃಶ್ಯಕ್ಕೆ ಸಂಗೀತ ನಿರ್ದೇಶಕ ಒಂದೇ ಸ್ಟುಡಿಯೋದಲ್ಲಿ ನಾನೂರು ಪಿಟೀಲು ಕೂರಿಸಿದ. ಕಡಿಮೆ ಅನ್ನಿಸಿದರೆ ನೀವೇ ಸೇರಿಸಿಕೊಳ್ಳಿ. ನಡುವೆ ಒಬ್ಬನೇ ಒಬ್ಬ ಸನಾದಿಯವನು. ಪಿಟೀಲುಗಳು ಇಗರ್ಜಿಯ ಹಾಡು ಹಿಡಿದವು. ಸನಾದಿ, ನಮ್ಮ ಮದುವೆಯಲ್ಲಿ ಹೆಣ್ಣು ಒಪ್ಪಿಸುವ ಹಾಡು ಹಿಡಿದು ಅದರೊಳಕ್ಕೆ ಇಳಿಯಿತು. ಶ್ರೀಮಂತ ಮೂಲೆಯಲ್ಲಿ ಕೂತಿದ್ದವನು ಕುಸಿದು ಅತ್ತ. ಆ ರಾತ್ರಿ ಮಲಗಿ ನಿದ್ದೆ ಮಾಡಿದ.

ಅಲ್ಲಿಗೆ ಬಿಡಬೇಕಿತ್ತಲ್ಲವೇ? ಬಿಡಲಿಲ್ಲ. ತಾನು ಅತ್ತದ್ದು ಸರಿಯೋ ತಪ್ಪೋ ಅಂತ ಅನುಮಾನ ಬಂತು. ನೋಡಿ, ಕಣ್ಣೀರಿಗೂ ಸರ್ಟಿಫಿಕೇಟು ಬೇಕಾಯಿತು! ಒಬ್ಬ ಸಂಗೀತ ವಿಮರ್ಶಕನನ್ನು ಕರೆಸಿದ. ಎಂಥ ವಿಮರ್ಶಕ? ಇರುವೆ ಎಡವಿದರೆ ಯಾವ ಶ್ರುತಿಯಲ್ಲಿ ಎಡವಿತು ಅಂತ ಹೇಳುವವನು. ಅವನು ಕಣ್ಣು ಮುಚ್ಚಿ ಪೂರ್ತಿ ಕೇಳಿದ. ಪಿಟೀಲು ಚೆನ್ನಾಗಿದೆ, ಸನಾದಿಯೂ ಚೆನ್ನಾಗಿದೆ, ಕೂಡುವ ಕಡೆ ಮಾತ್ರ ಸನಾದಿ ಶ್ರುತಿಗಿಂತ ಕೂದಲೆಳೆಯಷ್ಟು ಏರಿದೆ, ಅದು ದೋಷ ಅಂದ.

"ನನಗೆ ಅಳು ಬಂತಲ್ಲ, ಸ್ವಾಮಿ?" ಅಂದ ಶ್ರೀಮಂತ.

"ಅಳು ಈರುಳ್ಳಿ ಹೆಚ್ಚಿದರೂ ಬರುತ್ತದೆ, ಸಾಹುಕಾರರೇ."

ಶ್ರೀಮಂತನಿಗೆ ನಾಚಿಕೆಯಾಯಿತು. ಆ ಸನಾದಿಯೊಂದನ್ನು ತೆಗೆದು ಸರಿಮಾಡು ಅಂತ ಸಂಗೀತ ನಿರ್ದೇಶಕನಿಗೆ ಹೇಳಿದ. ತೆಗೆಯಲಿಕ್ಕೆ ಬರುವುದಿಲ್ಲ ಅಂದ ಅವನು. ಎಲ್ಲರೂ ಒಟ್ಟಿಗೆ ಕೂತು ನುಡಿಸಿದ್ದು, ಪ್ರತಿ ಪಿಟೀಲಿನ ಮೈಕಿನಲ್ಲೂ ಸನಾದಿಯ ದನಿ ಸೇರಿಕೊಂಡಿದೆ.

"ಸನಾದಿಯವನು ಪಿಟೀಲು ಕೇಳುತ್ತಾ ಊದಿದ, ಪಿಟೀಲಿನವರು ಸನಾದಿ ಕೇಳುತ್ತಾ ನುಡಿಸಿದರು. ಬೇರೆ ಬೇರೆ ಕೂರಿಸಿದರೆ ಯಾರು ಯಾರನ್ನು ಕೇಳಬೇಕು, ಸಾಹುಕಾರರೇ?"

ಶ್ರೀಮಂತ ಒಪ್ಪಲಿಲ್ಲ. ಹಳೆಯದನ್ನು ಅಳಿಸಿಹಾಕಿಸಿದ. ಪಿಟೀಲಿನವರನ್ನು ಒಂದು ದಿನ, ಸನಾದಿಯವನನ್ನು ಇನ್ನೊಂದು ದಿನ ಕೂರಿಸಿ ಹೊಸದು ಮಾಡಿಸಿದ. ವಿಮರ್ಶಕ ತಲೆದೂಗಿದ. ಸಿನಿಮಾ ನೋಡಿದ ಊರು ಚಪ್ಪಾಳೆ ತಟ್ಟಿತು. ನಡುವೆ ಶ್ರೀಮಂತ ಒಣಗಣ್ಣಿನಲ್ಲಿ ಕೂತಿದ್ದ.

ಎದ್ದು ಓಡಿದ. ನಿರ್ದೇಶಕನ ಕಾಲು ಹಿಡಿದ, ಮತ್ತೆ ಎಲ್ಲರನ್ನೂ ಒಟ್ಟಿಗೆ ಕೂರಿಸಪ್ಪಾ ಅಂದ. ಪಾಪ, ಅವನು ಕೂರಿಸಿದ. ಅದೇ ಸ್ಟುಡಿಯೋ, ಅದೇ ಜನ, ಅದೇ ಹಾಡು. ಸನಾದಿ ಮೊದಲಿನ ಹಾಗೆಯೇ ಇಳಿಯಿತು. ಶ್ರೀಮಂತ ಕಾದ. ಅವನಿಗೆ ಕೇಳಿಸಿದ್ದೇನು? ಹೆಂಡತಿಯಲ್ಲ. ಕೂದಲೆಳೆ. ಎಷ್ಟು ಸಲ ನುಡಿಸಿದರೂ ಕೂದಲೆಳೆ, ಬರೀ ಕೂದಲೆಳೆ. ಅವನು ಬದುಕಿರುವವರೆಗೂ ಅವಳಿಗಾಗಿ ಮತ್ತೆ ಅಳಲಿಲ್ಲ.

ಈಗ ಯಾಕೆ ನಗುತ್ತಿಲ್ಲ? ಆ ವಿಮರ್ಶಕ ಎಲ್ಲಿದ್ದಾನೆ ಅಂತ ಹುಡುಕುತ್ತಿದ್ದೀರಾ? ಅವನ ಕಿವಿಯಲ್ಲಿ ತಪ್ಪಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟು ಹೋದ. ಕೇಳಿದ್ದು ಯಾರು? ಶ್ರೀಮಂತ ಒಬ್ಬನೇ ಅಲ್ಲ, ನೀವು, ನಾವು. ಸಾವಿನ ಮನೆಗೆ ಹೋಗಿ ಬಂದವರು ದಾರಿಯಲ್ಲಿ ಏನು ಮಾತಾಡಿದಿರಿ? ವಿಭೂತಿ ಸರಿಯಾಗಿ ಹಚ್ಚಲಿಲ್ಲ, ಮಂತ್ರ ಅರ್ಧಕ್ಕೇ ಬಿಟ್ಟರು, ಅವರ ಪದ್ಧತಿಯೇ ಬೇರೆ. ಸತ್ತವಳ ಹೆಸರು ಯಾರ ಬಾಯಲ್ಲಾದರೂ ಬಂತೇ?

ಇನ್ನು ಮೇಲೆ ಹಾಗೆ ಹೋದಾಗ ಪದ್ಧತಿಯ ತಪ್ಪು ಎಣಿಸಬೇಡಿ. ಕಣ್ಣು ತುಂಬಿದರೆ ಪಕ್ಕದವರ ಮುಖ ನೋಡಿ ಒರೆಸಿಕೊಳ್ಳಬೇಡಿ. ನಿಮ್ಮ ಮನೆಗೆ ಬೇರೆ ಮಾತಿನ ಸೊಸೆ ಬಂದಿರಬಹುದು. ಅವಳ ತಾಯಿ ಸತ್ತ ಸುದ್ದಿ ಬಂದ ದಿನ ಅವಳು ಅಡುಗೆಮನೆಯಲ್ಲಿ ತನ್ನ ಮಾತಿನಲ್ಲಿ, ನಿಮಗೆ ಗೊತ್ತಿಲ್ಲದ ರಾಗದಲ್ಲಿ ಹಾಡಿಕೊಂಡು ಅಳುತ್ತಾಳೆ. ಅದೇನು ಹಾಡು ಅಂತ ಕೇಳಬೇಡಿ, ತಾಯಿ. ಒಲೆ ಆರಿಸಿ, ಅವಳ ಪಕ್ಕ ಹೋಗಿ ನೆಲದ ಮೇಲೆ ಕೂತುಕೊಳ್ಳಿ.